ಕಡಲು ದಾಟಿದ ಅಜ್ಜಿಯ ತವರು ಎಲ್ಲಿ?

ಮಗಳ ಬಾಣಂತನಕ್ಕೆಂದು ಮೆಲ್ಬರ್ನ್‌ಗೆ ಹೋಗಿದ್ದೀರಿ. ಪಕ್ಕದ ಮನೆಯ ಅಜ್ಜಿ ಹಳೇ ಫೋಟೊ ಹಿಡಿದು ಬರುತ್ತಾರೆ. ‘ಇವಳು ನಮ್ಮ ಮುತ್ತಜ್ಜಿಯ ಅಮ್ಮ. ಇಂಗ್ಲೆಂಡಿನಿಂದ ಹಡಗಲ್ಲಿ ಬಂದಳಂತೆ. ತವರು ಯಾವುದೋ ಗೊತ್ತಿಲ್ಲ, ನಾನು ಕಣ್ಣು ಮುಚ್ಚೋದ್ರೊಳಗೆ ತಿಳ್ಕೋಬೇಕು’ ಅಂತಾರೆ. ನೀವೂ ಕೈಜೋಡಿಸಬಹುದು. ಹೇಗೆ ಅಂತೀರಾ?

ಕೊನೆಯಿಂದ ಶುರು ಮಾಡಿ

ಮೊದಲೇ ಇಂಗ್ಲೆಂಡಿನ ದಾಖಲೆಗೆ ಕೈ ಹಾಕಬೇಡಿ. ಒಂದೇ ಹೆಸರಿನವರು ನೂರಾರು ಮಂದಿ ಸಿಗುತ್ತಾರೆ. ಆಕೆ ತೀರಿಕೊಂಡದ್ದು ವಿಕ್ಟೋರಿಯಾದಲ್ಲಾದರೆ ಅಲ್ಲಿನ ಮರಣ ಪ್ರಮಾಣಪತ್ರ ತರಿಸಿ. 1853ರಲ್ಲಿ ಸರ್ಕಾರಿ ನೋಂದಣಿ ಶುರುವಾದಾಗಿನಿಂದ ಅದರಲ್ಲಿ ಹೆತ್ತವರ ಹೆಸರು, ಹುಟ್ಟೂರು, ಗಂಡ, ಮಕ್ಕಳು, ಬಂದು ಎಷ್ಟು ವರ್ಷವಾಯಿತು ಎಂಬುದಕ್ಕೆಲ್ಲ ಜಾಗವಿದೆ. ಆದರೆ ಹುಷಾರು! ವಿವರ ಹೇಳಿ ಬರೆಸಿದವರು ಅಳಿಯನೋ, ನೆರೆಯವರೋ ಆಗಿದ್ದರೆ ತಪ್ಪಿರಲೂಬಹುದು.

ಹಡಗು ಹುಡುಕಿ

1851ರಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿದ ಮೇಲೆ ವಿಕ್ಟೋರಿಯಾಕ್ಕೆ ವಲಸೆ ಬಂದವರಿಗೆ ಲೆಕ್ಕವಿಲ್ಲ. ಹಾಯಿ ಹಡಗಿನಲ್ಲಿ ಸುಮಾರು ಮೂರು ತಿಂಗಳ ಪಯಣ. ಸರ್ಕಾರದ ನೆರವಿನಿಂದ 1839ರಿಂದ 1871ರವರೆಗೆ ಬಂದವರ ಪಟ್ಟಿಯನ್ನು ವಿಕ್ಟೋರಿಯಾದ ಸರ್ಕಾರಿ ದಾಖಲಾತಿ ಕಚೇರಿಯ ವೆಬ್‌ಸೈಟಿನಲ್ಲಿ ಉಚಿತವಾಗಿ ನೋಡಬಹುದು. ಹೆಸರಿನ ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ಹುಡುಕಿ.

ಈಗ ಇಂಗ್ಲೆಂಡಿಗೆ

ಅಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅಲ್ಲಿನ ನೋಂದಣಿ ಕಚೇರಿಯ ಆನ್‌ಲೈನ್ ಜನನ ಸೂಚಿಯಲ್ಲಿ ಸಾಮಾನ್ಯವಾಗಿ ತಾಯಿಯ ತವರಿನ ಮನೆತನದ ಹೆಸರೂ ಇರುತ್ತದೆ. ಅದಕ್ಕೂ ಮೊದಲು ಹುಟ್ಟಿದವರಿಗೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಗತಿ.

ಜನಗಣತಿಯನ್ನೂ ನೋಡಿ. 1841ರದ್ದರಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 24 ಆಗಿದ್ದರೆ 20! 1851ರದ್ದರಲ್ಲಿ ಹುಟ್ಟೂರೂ ಇದೆ. ಹೆಸರು, ವಯಸ್ಸು, ಊರು ಮೂರೂ ಹೊಂದಿದರೆ ಮಾತ್ರ ‘ಇವಳೇ’ ಅನ್ನಿ.

ಅಮ್ಮ ಎಲ್ಲಿ?

ಇಂಗ್ಲೆಂಡಿನ ಮದುವೆ ಪ್ರಮಾಣಪತ್ರ ಸಿಕ್ಕಿತೆಂದು ಹಿಗ್ಗಬೇಡಿ. ಅದರಲ್ಲಿ ವಧೂವರರ ಅಪ್ಪಂದಿರ ಹೆಸರು, ಕಸುಬು ಮಾತ್ರ ಇರುತ್ತಿತ್ತು. ಅಮ್ಮಂದಿರ ಹೆಸರಿಗೆ ಜಾಗ ಸಿಕ್ಕಿದ್ದು 2021ರ ಮೇ 4ರಿಂದ! ಮಗಳನ್ನು ಹೆತ್ತು, ಹಡಗು ಹತ್ತಿಸಿ, ಮತ್ತೆ ಮುಖ ನೋಡದೇ ಹೋದ ಆ ತಾಯಿಯನ್ನು ಹುಡುಕಬೇಕಾದರೆ ಮಗಳ ಜನನದ ದಾಖಲೆಯೋ ಮರಣದ ದಾಖಲೆಯೋ ಬೇಕು.

ಹೆಸರು ಸಿಕ್ಕ ದಿನವೇ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಲು ಆ ಅಜ್ಜಿಗೆ ಹೇಳಿ. ಹಾಗೇ, ನಿಮ್ಮ ಮನೆಯ ಆಲ್ಬಮ್ಮನ್ನೂ ಒಮ್ಮೆ ತೆಗೆದು ನೋಡಿ. ಅಜ್ಜಿಯ ಅಮ್ಮನ ಹೆಸರು ನಿಮಗೆ ಗೊತ್ತಾ?