ಏಳು ತಂತಿಗೆ ಇನ್ನೊಮ್ಮೆ ಕಿವಿಗೊಟ್ಟು

ಪಿಟೀಲು ಚೌಡಯ್ಯನವರ ಹಳೆಯ ಧ್ವನಿಮುದ್ರಣಗಳನ್ನು ಇವತ್ತು ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವ ಎಳೆಯರಿಗೆ ಮೊದಲು ಹುಟ್ಟುವ ಪ್ರಶ್ನೆ ಒಂದೇ: ನಾದ ಯಾಕೆ ಇಷ್ಟು ದಪ್ಪ? ಈಗಿನ ಪಿಟೀಲಿನ ನಯಕ್ಕೆ ಒಗ್ಗಿದ ಕಿವಿಗೆ ಅದು ಒರಟೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ದಪ್ಪಕ್ಕೆ ಕಾರಣವಿದೆ. ಅದನ್ನು ತಿಳಿದು ಕೇಳಿದರೆ ತೀರ್ಪು ಬದಲಾಗುತ್ತದೆ.

ತಿ. ನರಸೀಪುರದ ಬಳಿ ಕಪಿಲೆ ಕಾವೇರಿಯನ್ನು ಸೇರುವ ತಿರುಮಕೂಡಲಿನಲ್ಲಿ 1895ರಲ್ಲಿ ಚೌಡಯ್ಯ ಹುಟ್ಟಿದರು. ಮುಂದೆ ತಮ್ಮ ಕೃತಿಗಳಿಗೆ ‘ತ್ರಿಮಕುಟ’ ಎಂಬ ಅಂಕಿತ ಇಟ್ಟುಕೊಂಡದ್ದು ಈ ಊರಿನ ನೆನಪಿಗೇ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಕೈಕೆಳಗೆ ವರ್ಷಗಟ್ಟಲೆ ಕಲಿತರು. ಶಿಸ್ತಿಗೆ ಹೆಸರಾದ ಗುರು; ಅವರ ಹಾಡಿಕೆಗೆ ಪಕ್ಕವಾದ್ಯ ನುಡಿಸುತ್ತಲೇ ಶಿಷ್ಯನ ಕೈ ಪಳಗಿತು.

ಆಗ ಕಛೇರಿಯಲ್ಲಿ ಮೈಕು ಇರಲಿಲ್ಲ. ತುಂಬು ಕಂಠದ ಗಾಯಕರು, ಪಕ್ಕದಲ್ಲಿ ಮೃದಂಗ, ಎದುರಿಗೆ ದೇವಸ್ಥಾನದ ಅಂಗಳದ ತುಂಬ ಜನ. ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿನವರಿಗೆ ಸರಿಯಾಗಿ ಕೇಳುತ್ತಲೇ ಇರಲಿಲ್ಲ. ಚೌಡಯ್ಯನವರನ್ನು ಕಾಡಿದ್ದು ಇದೇ. ಅವರು ಇದ್ದ ತಂತಿಗಳಿಗೆ ಜೋಡಿಯಾಗಿ ಇನ್ನೂ ಮೂರು ತಂತಿ ಕಟ್ಟಿದರು. 1927ರ ಹೊತ್ತಿಗೆ ಏಳು ತಂತಿಯ ಪಿಟೀಲು ಸಿದ್ಧವಾಗಿತ್ತು.

ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ತಂತಿ ಹೆಚ್ಚಿದಂತೆ ಕುದುರೆಯ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ. ಜೋಡಿ ತಂತಿಗಳನ್ನು ಬೆರಳು ಒಟ್ಟಿಗೆ ಅದುಮಬೇಕು, ಕಮಾನು ಎರಡನ್ನೂ ಒಂದೇ ಹದದಲ್ಲಿ ಸವರಬೇಕು. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಜೋಡಿಯ ನಡುವೆ ಬಿರುಕು ಕೇಳಿಸುತ್ತದೆ. ಹೀಗೆ ಜೋಡಿಸಿ, ಅದರ ಮೇಲೆ ಗಮಕ ತೂಗಿ, ವೇಗದ ಸಂಗತಿಗಳನ್ನು ಉರುಳಿಸಿದ ಕೈ ಅದು. ಬರೀ ಸದ್ದು ಬೇಕಿದ್ದವರು ಇಷ್ಟು ಕಷ್ಟಕ್ಕೆ ಕೈಹಾಕುವುದಿಲ್ಲ.

ಕಾಲ ಮಾತ್ರ ಬೇರೆ ಕಡೆ ಹೊರಳುತ್ತಿತ್ತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರ ಆರಂಭಿಸಿದರು. ಸಭೆಗಳಿಗೂ ಮೈಕು ಬಂತು. ಹಿಂದಿನ ಸಾಲನ್ನು ಮುಟ್ಟಲೆಂದು ಕಟ್ಟಿದ ವಾದ್ಯ ಈಗ ಒಂದು ಗೇಣು ದೂರದ ಮೈಕಿನ ಮುಂದೆ ಕೂರಬೇಕಾಯಿತು. ಅದರ ಮೇಲೆ 78 ಸುತ್ತಿನ ಗ್ರಾಮಫೋನ್ ಪ್ಲೇಟಿನ ಕಟ್ಟುಪಾಡು: ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ರಾಗವನ್ನು ಬಿಡಿಸಿ ಬೆಳೆಸಲು ಅಲ್ಲಿ ತಾವೆಲ್ಲಿ? ಅಂಥ ತುಣುಕಿನಿಂದ ಚೌಡಯ್ಯನವರನ್ನು ಅಳೆಯುವುದು ಅನ್ಯಾಯವೇ ಸರಿ.

ಅವರನ್ನು ಕೇಳಬೇಕಾದದ್ದು ಪೂರ್ಣ ಕಛೇರಿಗಳಲ್ಲಿ, ಅದರಲ್ಲೂ ಚೆಂಬೈ ವೈದ್ಯನಾಥ ಭಾಗವತರ ಜೊತೆಯಲ್ಲಿ. ಇಬ್ಬರ ನಂಟು ಎಷ್ಟಿತ್ತೆಂದರೆ, ಚೌಡಯ್ಯ ತಾವೇ ನಿರ್ಮಿಸಿದ 1943ರ ಕನ್ನಡ ಚಿತ್ರ ‘ವಾಣಿ’ಯಲ್ಲಿ ಚೆಂಬೈಯವರ ಕಛೇರಿಯನ್ನೇ ಇಟ್ಟರು. ಚೆಂಬೈಯವರ ಕಂಚಿನ ಕಂಠದ ಪಕ್ಕದಲ್ಲಿ ಆ ದಪ್ಪ ನಾದ ಒರಟಾಗಿ ಕೇಳುವುದೇ ಇಲ್ಲ. ಗಾಯಕರು ಉಸಿರೆಳೆದುಕೊಳ್ಳುವ ಕ್ಷಣದಲ್ಲಿ ಪಿಟೀಲು ಅದೇ ತೂಕದಲ್ಲಿ ಸ್ವರವನ್ನು ಹಿಡಿದು ನಿಲ್ಲುತ್ತದೆ. ಕೆಳಗಿನ ಸ್ಥಾಯಿಯ ಜೋಡಿ ತಂತಿ ಇರುವುದು ಯಾಕೆಂದು ಆಗ ಕಿವಿಗೇ ತಿಳಿಯುತ್ತದೆ.

1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಬಂತು. 1967ರ ಜನವರಿ 19ರಂದು ಚೌಡಯ್ಯ ತೀರಿಕೊಂಡರು. ಆರ್.ಆರ್. ಕೇಶವಮೂರ್ತಿಯವರು ಏಳು ತಂತಿಯನ್ನು ಬಹುಕಾಲ ಉಳಿಸಿಕೊಂಡು ಬಂದರು. ಉಳಿದಂತೆ ಪಿಟೀಲು ಮತ್ತೆ ನಾಲ್ಕು ತಂತಿಗೇ ಮರಳಿತು. ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಎದ್ದ ಚೌಡಯ್ಯ ಸ್ಮಾರಕ ಭವನ ಎಲ್ಲರಿಗೂ ಗೊತ್ತು. ಆ ಭವನದೊಳಗೆ ಕೂತು ಬಂದವರಲ್ಲಿ ಚೌಡಯ್ಯನವರ ಒಂದು ಕಛೇರಿಯನ್ನಾದರೂ ಮೊದಲಿನಿಂದ ಕೊನೆಯವರೆಗೆ ಕೇಳಿದವರು ಬಹಳ ಮಂದಿ ಇರಲಾರರು.

ಮೈಸೂರು, ನಂಜನಗೂಡು, ನರಸೀಪುರದ ಹಳೆಯ ಮನೆಗಳ ಅಟ್ಟದಲ್ಲಿ ಅವರ ಕಛೇರಿ ತುಂಬಿಟ್ಟ ಸ್ಪೂಲ್ ಟೇಪುಗಳೋ ಕ್ಯಾಸೆಟ್ಟುಗಳೋ ಇದ್ದರೆ ಗುಜರಿಗೆ ಹಾಕಬೇಡಿ. ತೇವಕ್ಕೆ ಟೇಪು ಬೂಸಲು ಹಿಡಿದು ಅಂಟಿಕೊಳ್ಳುವ ಮೊದಲು ಬಲ್ಲವರ ಕೈಗೆ ಕೊಟ್ಟು ಪ್ರತಿ ಮಾಡಿಸಿ.