‘ಕಮಾಂಡ್ ನಾಟ್ ಫೌಂಡ್’ ಅಂದರೆ ಮುಂದೇನು?

ಹೂಡಿಯ ಪಿ.ಜಿ.ಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಚರ್ಚೆ ಗ್ಯಾರಂಟಿ: ಇವತ್ತಿನ ಇಂಟರ್‌ವ್ಯೂನಲ್ಲಿ ಏನು ಕೇಳಿದರು? ಕೆಲಸ ಹುಡುಕುವ ನಮಗೆ ಅದೇ ಪಠ್ಯಪುಸ್ತಕ. ಈಚೆಗೆ ಹಾವೇರಿ ಕಡೆಯ ಗೆಳೆಯನೊಬ್ಬ ಸಪ್ಪೆ ಮೋರೆ ಹಾಕಿಕೊಂಡು ಬಂದ. ಸಪೋರ್ಟ್ ಎಂಜಿನಿಯರ್ ಹುದ್ದೆಯ ಪ್ರಾಕ್ಟಿಕಲ್. ಕೊಟ್ಟ ಲಿನಕ್ಸ್ ಸರ್ವರ್‌ನಲ್ಲಿ ‘ಡಿಗ್’ ಎಂದು ಟೈಪ್ ಮಾಡಿದರೆ ‘ಕಮಾಂಡ್ ನಾಟ್ ಫೌಂಡ್’. ‘ಆಪ್ಟ್ ಇನ್‌ಸ್ಟಾಲ್ ಡಿಗ್’ ಎಂದರೆ ಅಂಥ ಪ್ಯಾಕೇಜೇ ಇಲ್ಲ! ಹತ್ತು ನಿಮಿಷ ಅಲ್ಲೇ ಹೋಯಿತು.

ಕಾಲೇಜಿನ ಲ್ಯಾಬ್‌ನಲ್ಲಿ ಎಲ್ಲವೂ ಮೊದಲೇ ಇರುತ್ತದೆ, ಹಾಗಾಗಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಮಾಂಡ್‌ನ ಹೆಸರೇ ಬೇರೆ, ಅದು ಬರುವ ಪೊಟ್ಟಣದ ಹೆಸರೇ ಬೇರೆ. ಡೆಬಿಯನ್, ಉಬುಂಟುವಿನಲ್ಲಿ ‘ಡಿಗ್’ ಇರುವುದು ‘ಬೈಂಡ್9-ಡಿಎನ್‌ಎಸ್‌ಯುಟಿಲ್ಸ್’ನಲ್ಲಿ (ಹಳೆಯದರಲ್ಲಿ ‘ಡಿಎನ್‌ಎಸ್‌ಯುಟಿಲ್ಸ್’); ಫೆಡೋರಾ, ರೆಡ್ ಹ್ಯಾಟ್‌ನಲ್ಲಿ ‘ಬೈಂಡ್-ಯುಟಿಲ್ಸ್’. ‘ಇಫ್‌ಕಾನ್ಫಿಗ್’, ‘ನೆಟ್‌ಸ್ಟ್ಯಾಟ್’ ಎರಡೂ ‘ನೆಟ್-ಟೂಲ್ಸ್’ನವು. ‘ಕಿಲ್‌ಆಲ್’ ಬೇಕೆಂದರೆ ‘ಪಿಎಸ್‌ಮಿಸ್ಕ್’. ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ, ಕೇಳುವ ದಾರಿ ಗೊತ್ತಿದ್ದರೆ ಸಾಕು.

ಉಬುಂಟುವಿನಲ್ಲಿ ‘ಆಪ್ಟ್-ಫೈಲ್’ ಹಾಕಿಕೊಂಡು, ಒಮ್ಮೆ ‘ಆಪ್ಟ್-ಫೈಲ್ ಅಪ್‌ಡೇಟ್’ ಕೊಟ್ಟು, ‘ಆಪ್ಟ್-ಫೈಲ್ ಸರ್ಚ್ ಬಿನ್/ಡಿಗ್’ ಎನ್ನಿ. ಮುಂದೆ ‘ಬಿನ್/’ ಸೇರಿಸದಿದ್ದರೆ ಹೆಸರಿನಲ್ಲಿ ‘ಡಿಗ್’ ಇರುವ ಫೈಲುಗಳೆಲ್ಲ ಪುಟಗಟ್ಟಲೆ ಸುರಿಯುತ್ತವೆ. ರೆಡ್ ಹ್ಯಾಟ್ ಕಡೆ ‘ಡಿಎನ್‌ಎಫ್ ಪ್ರೊವೈಡ್ಸ್’ ಒಂದೇ ಸಾಕು. ನನಗಂತೂ ಇದೇ ಸಲೀಸು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಕಮಾಂಡ್ ಇದ್ದರೆ ಇನ್ನೂ ಸುಲಭ: ‘ಡಿಪಿಕೆಜಿ -ಎಸ್’ (ಎಸ್ ದೊಡ್ಡಕ್ಷರ) ಅಥವಾ ‘ಆರ್‌ಪಿಎಂ -ಕ್ಯೂಎಫ್’ ಮುಂದೆ ಅದರ ಪೂರ್ಣ ಪಾತ್ ಕೊಟ್ಟರೆ ಪ್ಯಾಕೇಜ್ ಯಾವುದೆಂದು ಹೇಳುತ್ತದೆ.

ಕೆಲವೊಮ್ಮೆ ಕಮಾಂಡ್ ಇದ್ದೂ ಸಿಗುವುದಿಲ್ಲ. ಡೆಬಿಯನ್‌ನಲ್ಲಿ ಸಾಮಾನ್ಯ ಯೂಸರ್‌ನ ಪಾತ್‌ನಲ್ಲಿ ‘ಎಸ್‌ಬಿನ್’ ಫೋಲ್ಡರ್‌ಗಳು ಇರುವುದಿಲ್ಲ. ಇನ್‌ಸ್ಟಾಲ್‌ಗೆ ಹೊರಡುವ ಮುನ್ನ ಅಲ್ಲೊಮ್ಮೆ ಇಣುಕಿ.

ಇನ್ನು, ಕಂಪನಿಯ ಸರ್ವರ್‌ನಲ್ಲಿ ಹೊಸದೇನನ್ನಾದರೂ ಹಾಕಲು ಅನುಮತಿ ಇರುತ್ತದೆ ಎನ್ನುವಂತಿಲ್ಲ. ಕಂಟೇನರ್‌ಗಳಲ್ಲಂತೂ ಗಾತ್ರ ಇಳಿಸಲೆಂದೇ ಇಂಥವನ್ನು ಬಿಟ್ಟಿರುತ್ತಾರೆ. ಆಗ ‘ಇಫ್‌ಕಾನ್ಫಿಗ್’ ಬದಲು ‘ಐಪಿ’, ‘ನೆಟ್‌ಸ್ಟ್ಯಾಟ್’ ಬದಲು ‘ಎಸ್‌ಎಸ್’ ಇದೆಯೇ ನೋಡಿ. ಹೆಸರಿನಿಂದ ವಿಳಾಸ ತಿಳಿದರೆ ಸಾಕು ಎಂದಾದರೆ ‘ಗೆಟ್‌ಎಂಟ್ ಹೋಸ್ಟ್ಸ್’ ಸಾಮಾನ್ಯವಾಗಿ ಇದ್ದೇ ಇರುತ್ತದೆ.