ಎರಡು ಹೋಸು ಮುಟ್ಟಿ ಹೇಳುವ ವಿದ್ಯೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಜನವರಿಯ ಕೆಲವು ಬೆಳಿಗ್ಗೆಗಳಲ್ಲಿ ಉಷ್ಣತೆ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯುತ್ತದೆ. ಅಂಥ ದಿನ ಹಳೆಯ ಮಿನಿವ್ಯಾನಿನ ಹೀಟರ್ ಉಗುರುಬೆಚ್ಚಗಿನ ಗಾಳಿಯನ್ನಷ್ಟೇ ಊದಿದರೆ ಹಿಂದಿನ ಸೀಟಿನ ಮಕ್ಕಳು ನಡುಗುತ್ತಾರೆ, ಮುಂದಿನ ಗಾಜಿನ ಮೇಲಿನ ಹಿಮ ಕರಗುವುದಿಲ್ಲ, ರಸ್ತೆ ಕಾಣುವುದಿಲ್ಲ. ಹೀಟರ್ ಅಲ್ಲಿ ಸುಖದ ಮಾತಲ್ಲ, ಸುರಕ್ಷತೆಯ ಮಾತು. ಅದರ ದೋಷ ಹುಡುಕುವುದರಲ್ಲಿ ಪಳಗಿದ ಮೆಕ್ಯಾನಿಕ್‌ಗಳ ಕಸುಬು ತಿಳಿದುಕೊಳ್ಳುವಂಥದ್ದು.

ಮಿನಿವ್ಯಾನ್ ಹುಟ್ಟಿದ್ದೂ ಈ ಚಳಿಸೀಮೆಯಲ್ಲೇ. ಡೆಟ್ರಾಯಿಟ್ ಎದುರಿಗೆ, ನದಿಯಾಚೆ ಕೆನಡಾದ ವಿಂಡ್ಸರ್‌ನಲ್ಲಿರುವ ಕ್ರೈಸ್ಲರ್ ಕಾರ್ಖಾನೆಯಿಂದ 1983ರ ಕೊನೆಯಲ್ಲಿ ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಹೊರಬಂದವು. ಊರಿನಿಂದ ಅಪ್ಪ ಅಮ್ಮ ಬಂದಾಗ ಎಲ್ಲರೂ ಒಟ್ಟಿಗೆ ಕೂತು ಹೋಗಬಹುದಾದ ಈ ಗಾಡಿ ಅಲ್ಲಿನ ಕನ್ನಡಿಗರಿಗೂ ಪರಿಚಿತ.

ಪೆಟ್ರೋಲ್ ಗಾಡಿಯ ಹೀಟರ್‌ಗೆ ಬೇರೆ ಒಲೆ ಇರುವುದಿಲ್ಲ. ಎಂಜಿನ್ನಿನ ಬಿಸಿ ಹೊತ್ತ ಕೂಲೆಂಟ್, ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರ್ ಮೂಲಕ ಹರಿಯುತ್ತದೆ. ಬ್ಲೋವರ್ ಅದರ ಮೂಲಕ ಗಾಳಿ ತಳ್ಳುತ್ತದೆ. ಬ್ಲೆಂಡ್ ಡೋರ್ ಎಂಬ ಸಣ್ಣ ಬಾಗಿಲು ಬಿಸಿಗಾಳಿ, ತಣ್ಣನೆಯ ಗಾಳಿ ಎಷ್ಟೆಷ್ಟು ಬೆರೆಯಬೇಕೆಂದು ನಿರ್ಧರಿಸುತ್ತದೆ. ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಒಳಗೆ ಚಳಿ.

ಒಳ್ಳೆಯ ಮೆಕ್ಯಾನಿಕ್ ಅಗ್ಗದ ಪರೀಕ್ಷೆಯಿಂದ ಶುರುಮಾಡುತ್ತಾರೆ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಕೂಲೆಂಟ್ ಮಟ್ಟ ನೋಡುತ್ತಾರೆ. ಬಿಸಿಯಲ್ಲಿ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎಷ್ಟು ಓಡಿಸಿದರೂ ಟೆಂಪರೇಚರ್ ಮುಳ್ಳು ಮೇಲೇಳದಿದ್ದರೆ ಕೂಲೆಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ನಿಂತಿದೆ ಎಂಬ ಗುಮಾನಿ. ಮುಳ್ಳು ಸರಿಯಿದ್ದರೆ ಹೀಟರ್ ಕೋರ್‌ಗೆ ಹೋಗಿಬರುವ ಎರಡು ಹೋಸುಗಳ ಸರದಿ. ಎರಡೂ ಚೆನ್ನಾಗಿ ಬಿಸಿಯಿದ್ದರೆ ಕೂಲೆಂಟಿನ ತಪ್ಪಿಲ್ಲ. ಬ್ಲೆಂಡ್ ಡೋರ್, ಅದನ್ನು ತಿರುಗಿಸುವ ಮೋಟಾರು, ಕಸ ಕಟ್ಟಿದ ಕ್ಯಾಬಿನ್ ಫಿಲ್ಟರ್ ನೋಡಬೇಕು. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿರಬಹುದು, ಇಲ್ಲವೇ ದಾರಿಯ ವಾಲ್ವ್ ಮುಚ್ಚಿರಬಹುದು. ಹೋಸು ಕೈ ಸುಡುವಷ್ಟು ಕಾಯುವುದರಿಂದ ಈಗ ಹಲವರು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುತ್ತಾರೆ.

ಗಾಡಿ ಓಡುವಾಗ ಬಿಸಿ, ಸಿಗ್ನಲ್‌ನಲ್ಲಿ ನಿಂತಾಗ ತಣ್ಣಗೆ ಎಂದಾದರೆ ಕೂಲೆಂಟ್ ಕಡಿಮೆಯಾಗಿದೆ, ಒಳಗೆ ಗಾಳಿ ಸೇರಿದೆ, ಇಲ್ಲವೇ ವಾಟರ್ ಪಂಪ್ ಸವೆದಿದೆ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಬಂದರೆ ಗಾಳಿಯ ಅನುಮಾನ ಬಲವಾಗುತ್ತದೆ. ಸಿಹಿವಾಸನೆ, ಗಾಜಿಗೆ ಜಿಡ್ಡು ಮಂಜು, ಒದ್ದೆ ಕಾರ್ಪೆಟ್ ಇದ್ದರೆ ಕೋರ್ ಸೋರುತ್ತಿದೆ. ಸೋರಿದ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ ಬೆಕ್ಕು ನೆಕ್ಕಿದರೆ ಸಾಯಬಹುದು.

ಮಿನಿವ್ಯಾನಿಗೆ ಇನ್ನೊಂದು ತೊಡಕಿದೆ. ಹಿಂದಿನ ಸೀಟುಗಳಿಗೆ ಬೇರೆ ಹೀಟರ್ ಇರುವ ಮಾದರಿಗಳಲ್ಲಿ ಕೂಲೆಂಟಿನ ಉದ್ದನೆಯ ಪೈಪುಗಳು ಗಾಡಿಯ ತಳದಲ್ಲಿ ಹಾಯುತ್ತವೆ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಲೋಹದ ಪೈಪುಗಳನ್ನು ತಿಂದುಹಾಕುತ್ತದೆ. ಹಿಂದೆ ಎಲ್ಲೋ ತೊಟ್ಟಿಕ್ಕಿದರೆ ಮುಂದಿನವರಿಗೂ ಚಳಿ.

ಈ ವಿದ್ಯೆಗೆ ಪರೀಕ್ಷೆಯೂ ಉಂಟು. ಮೆಕ್ಯಾನಿಕ್‌ಗಳಿಗೆ ಪ್ರಮಾಣಪತ್ರ ಕೊಡುವ, 1972ರಲ್ಲಿ ಆರಂಭವಾದ ಎಎಸ್‌ಇ ಎಂಬ ಅಮೆರಿಕನ್ ಸಂಸ್ಥೆಯ ಎ7 ಪರೀಕ್ಷೆ ಹೀಟರ್ ಮತ್ತು ಎಸಿಗೆ ಮೀಸಲು. ಆದರೆ ಮೆಕ್ಯಾನಿಕ್‌ನ ನಿಜವಾದ ಬೆಲೆ ಕಾಣುವುದು ಅವರು ಪರೀಕ್ಷೆ ನಡೆಸುವ ಕ್ರಮದಲ್ಲಿ. ಕೋರ್ ಬದಲಿಸಲು ಹಲವು ಮಾದರಿಗಳಲ್ಲಿ ಡ್ಯಾಶ್‌ಬೋರ್ಡನ್ನೇ ಕಳಚಬೇಕು. ಬಿಡಿಭಾಗಕ್ಕಿಂತ ಕೂಲಿಯೇ ಭಾರ. ಕಟ್ಟಿಕೊಂಡ ಕೋರ್‌ಗೆ ಹಿಮ್ಮುಖವಾಗಿ, ಕಡಿಮೆ ಒತ್ತಡದಲ್ಲಿ ನೀರು ಹಾಯಿಸಿದರೆ ಎಷ್ಟೋ ಸಲ ಆ ಖರ್ಚು ತಪ್ಪುತ್ತದೆ.

ಆದ್ದರಿಂದ ಗ್ಯಾರೇಜಿಗೆ ಹೋದಾಗ ಇಂಥ ಪಾರ್ಟ್ ಹಾಕಿ ಎನ್ನಬೇಡಿ. ನಿಂತಾಗ ಹೇಗೆ, ಓಡುವಾಗ ಹೇಗೆ, ಯಾವ ಬದಿ ತಣ್ಣಗೆ, ವಾಸನೆ ಇದೆಯೇ, ಕೂಲೆಂಟ್ ಹಾಕಿದ್ದು ಯಾವಾಗ ಎಂಬುದನ್ನು ಹೇಳಿ. ಉಳಿದದ್ದನ್ನು ಪರೀಕ್ಷಿಸಿ ಹೇಳುವವರಿಗೆ ಕೊಡುವ ತಪಾಸಣೆ ಶುಲ್ಕ, ಬೇಡದ ರಿಪೇರಿಗಿಂತ ಯಾವಾಗಲೂ ಅಗ್ಗ.